ಭೀತಿಯ ಕಾದಂಬರಿಯೂ ಚರಿತ್ರೆಯ ಆಕರವೂ: ‘ತುಳಸಿದಳ’ವನ್ನು ಕುರಿತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಗಳ ಚರಿತ್ರೆಯನ್ನು ಬರೆಯಹೊರಟವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕಂದಾಯದ ಕಡತಗಳನ್ನೂ ಅರಸುವುದು ವಾಡಿಕೆ. ಅಲ್ಲಿಯ ಜನರು ಬಿಡುವಿನಲ್ಲಿ ಏನನ್ನು ಓದಿದರು, ಏನನ್ನು ಓದಿ ಅಂಜಿದರು ಎಂಬುದನ್ನು ವಿಚಾರಿಸುವವರು ವಿರಳ. ಈ ಉಪೇಕ್ಷೆ ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಭಯವನ್ನೇ ರಸವಾಗಿ ಉಣಬಡಿಸಿ ಅಪಾರ ಜನಪ್ರಿಯತೆ ಗಳಿಸಿದ ಯಂಡಮೂರಿ ವೀರೇಂದ್ರನಾಥರು 1948ರಲ್ಲಿ ಅಂದಿನ ಪೂರ್ವ ಗೋದಾವರಿ ಜಿಲ್ಲೆಯ ರಾಜೋಲಿನಲ್ಲಿ ಜನಿಸಿದರು. ವೃತ್ತಿಯಿಂದ ಲೆಕ್ಕಪರಿಶೋಧಕರು. ತೆಲುಗಿನ ಅವರ ‘ತುಳಸಿದಳಂ’ ವಂಶಿಯವರ ಅನುವಾದದಿಂದ ಕನ್ನಡದ ಓದುಗರಿಗೆ ದೊರೆಯಿತು. 1985ರಲ್ಲಿ ವೇಮಗಲ್ ಜಗನ್ನಾಥರಾಯರ ನಿರ್ದೇಶನದಲ್ಲಿ ಕನ್ನಡ ಚಲನಚಿತ್ರವೂ ಆಯಿತು.

ಕಥೆಯಲ್ಲಿ ತುಳಸಿಯೆಂಬ ಎಳೆಯ ಹುಡುಗಿಯ ಮೇಲೆ ಕಾಷ್ಮೋರವೆಂಬ ಕ್ಷುದ್ರಪ್ರಯೋಗ ನಡೆಯುತ್ತದೆ. ಅದನ್ನು ಮಂತ್ರದಿಂದಲೇ ಎದುರಿಸುವವರು ಒಂದು ಕಡೆ, ವೈದ್ಯಶಾಸ್ತ್ರ ಮನಶ್ಶಾಸ್ತ್ರಗಳಿಂದ ಕಾರಣವನ್ನು ಹುಡುಕುವವರು ಮತ್ತೊಂದು ಕಡೆ. ಮಗು ಯಾವುದರಿಂದ ಉಳಿಯಿತೆಂಬ ತೀರ್ಮಾನವನ್ನು ಲೇಖಕರು ಓದುಗನಿಗೇ ಬಿಟ್ಟರು. ಕೃತಿಯ ಗೆಲುವಿನ ಗುಟ್ಟು ಇಲ್ಲಿಯೇ ಇದೆಯೆಂಬುದು ನಮ್ಮ ಮತ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಡಾ. ಎಚ್. ನರಸಿಂಹಯ್ಯನವರ ಅಧ್ಯಕ್ಷತೆಯಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನು ನೇಮಿಸಿದ್ದಿತು. ಶಾಲೆಯಲ್ಲಿ ವಿಜ್ಞಾನ ಕಲಿತೂ ಮನೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟುವ ಓದುಗನಿಗೆ ಈ ಕಾದಂಬರಿ ಎರಡು ಕಡೆಯಲ್ಲಿಯೂ ನಿಲ್ಲಲು ಎಡೆಕೊಟ್ಟಿತು.

ಇಂತಹ ಕೃತಿಗಳು ಮೂಢನಂಬಿಕೆಯನ್ನು ಬಿತ್ತಿದುವೆಂಬ ಆಕ್ಷೇಪವುಂಟು. ನಂಬಿಕೆ ಕಾದಂಬರಿಗಿಂತ ಹಳೆಯದು. ಆದರೂ ಪ್ರಶ್ನೆಯನ್ನು ಬೇಕೆಂದೇ ತೆರೆದಿಟ್ಟು ಅಂಜಿಕೆಯನ್ನು ಬೆಳೆಸಿದ ಹೊಣೆಯಿಂದ ಲೇಖಕರನ್ನು ನಾವು ಪೂರ್ಣವಾಗಿ ಬಿಡುಗಡೆ ಮಾಡಲಾರೆವು. ವಾಮಾಚಾರದ ವಿರುದ್ಧ ಕರ್ನಾಟಕವು 2017ರಷ್ಟು ಈಚೆಗೆ ಶಾಸನ ಮಾಡಬೇಕಾಯಿತೆಂಬುದನ್ನು ಮರೆಯಲಾಗದು. ಕನ್ನಡದಲ್ಲಿಯೇ ‘ಮಾಟಗಾತಿ’ಯನ್ನು ಬರೆದ ರವಿ ಬೆಳಗೆರೆಯವರು (1958–2020) ಹಿಂದೆ ಚರಿತ್ರೆಯ ಉಪನ್ಯಾಸಕರಾಗಿದ್ದವರು, ಆದ್ದರಿಂದ ನಮ್ಮ ವೃತ್ತಿಯವರು ಈ ವಿಷಯವನ್ನು ಕಂಡು ಮೂಗುಮುರಿಯುವಂತಿಲ್ಲ.

ಆದರೆ ಯಾರು ಓದಿದರು, ಎಷ್ಟು ಮಂದಿ ಓದಿದರು? ಇದಕ್ಕೆ ಉತ್ತರ ಹೇಳಬಲ್ಲ ಆಕರವೆಂದರೆ ಸಾರ್ವಜನಿಕ ಗ್ರಂಥಾಲಯಗಳ ಪುಸ್ತಕ ವಿತರಣೆಯ ದಾಖಲೆ. 1965ರ ಗ್ರಂಥಾಲಯ ಕಾಯಿದೆಯು ಅವನ್ನು ಜಿಲ್ಲಾವಾರು ವ್ಯವಸ್ಥೆಗೆ ತಂದಿತು. ದಾವಣಗೆರೆ ಜಿಲ್ಲೆ ರಚನೆಯಾದುದು 1997ರಲ್ಲಿ. ‘ತುಳಸಿದಳ’ದ ಕಾಲಕ್ಕೆ ಚನ್ನಗಿರಿಯೂ, ನ್ಯಾಮತಿಯನ್ನೊಳಗೊಂಡ ಹೊನ್ನಾಳಿಯೂ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದುವು. ಆದಕಾರಣ ಸಂಶೋಧಕನು ದಾವಣಗೆರೆಯಲ್ಲಿಯೇ ಕುಳಿತರೆ ಸಾಲದು. ಆ ಎರಡು ಊರುಗಳ ಕಚೇರಿಗಳಲ್ಲಿಯೂ ವಿಚಾರಿಸಬೇಕು. ಹಳೆಯ ವಹಿಗಳನ್ನು ರದ್ದಿಗೆ ಹಾಕುವ ಮೊದಲು ಈ ಕೆಲಸ ನಡೆಯಬೇಕು.