ಬಿ.ಎ. ಓದುವವರ ಬಗೆಗಿನ ಮಾತುಗಳು: ಹೊಸಕೋಟೆ ಸೀಮೆಯಿಂದ ಒಂದು ಚರಿತ್ರೆ

ಕಲಾ ವಿಭಾಗದ ವಿದ್ಯಾರ್ಥಿಗಳ ಬಗ್ಗೆ ಬೆಂಗಳೂರಿನ ಸುತ್ತಲಿನ ತಾಲ್ಲೂಕು ಪೇಟೆಗಳಲ್ಲಿ ಕೇಳಿಬರುವ ಮಾತುಗಳು ಬಹುಮಟ್ಟಿಗೆ ಒಂದೇ. ಅಂಕ ಬರದವರು ಆರ್ಟ್ಸ್ ತೆಗೆದುಕೊಳ್ಳುತ್ತಾರೆ. ಪರೀಕ್ಷೆಗೆ ವಾರವಿರುವಾಗ ಗೈಡ್ ತಿರುವಿಹಾಕಿದರೆ ಪಾಸು. ಸ್ಟ್ರೈಕ್ ಎಂದರೆ ಮೊದಲು ಹೊರಗೆ ಬರುವವರು ಇವರೇ. ಹುಡುಗಿಯರ ಪಾಲಿಗೆ ಅದು ಮದುವೆ ಗೊತ್ತಾಗುವ ತನಕದ ಓದು. ಡಿಗ್ರಿ ಕೈಗೆ ಬಂದ ಮೇಲೆ ಕೆಲಸವಂತೂ ಇಲ್ಲ. ಈ ಐದೂ ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಮೊದಲ ಮಾತು ಇತ್ತೀಚಿನದು, ಕೊನೆಯದು ತೀರಾ ಹಳೆಯದು. ಒಂದು ಕಾಲದಲ್ಲಿ ಇವಕ್ಕೆ ಪೂರ್ತಿ ವಿರುದ್ಧವಾದ ಮಾತೇ ಚಲಾವಣೆಯಲ್ಲಿತ್ತು.

ಹೊಸಕೋಟೆ ಬೆಂಗಳೂರಿನಿಂದ ಪೂರ್ವಕ್ಕೆ ಕೋಲಾರದ ಹೆದ್ದಾರಿಯಲ್ಲಿ, ದೊಡ್ಡ ಕೆರೆಯ ಮಗ್ಗುಲಲ್ಲಿರುವ ಪೇಟೆ. ರಾಗಿ, ಹಿಪ್ಪುನೇರಳೆ, ತರಕಾರಿ, ಹಾಲು ಈ ಸೀಮೆಯ ಬದುಕು. ರೈಲು ಪೇಟೆಯನ್ನು ಮುಟ್ಟದೆ ದಕ್ಷಿಣಕ್ಕೆ ವೈಟ್‌ಫೀಲ್ಡ್, ಮಾಲೂರಿನ ಮೇಲೆ ಹಾದುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಡೆಯ ಹಳ್ಳಿಯ ಹುಡುಗ ಕಾಲೇಜು ಓದಬೇಕೆಂದರೆ ಬೆಂಗಳೂರಿಗೇ ಹೋಗಬೇಕಿತ್ತು. ಅಲ್ಲಿದ್ದುದು 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜು ಎಂದು ಹೆಸರಾದ ಸಂಸ್ಥೆ. ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ.

ಆ ಕಾಲದ ಬಿ.ಎ.ಗೆ ಇಂದಿನ ಅರ್ಥವಿರಲಿಲ್ಲ. ಗಣಿತ, ಭೌತಶಾಸ್ತ್ರ ಓದಿದವರೂ ಬಿ.ಎ. ಪದವೀಧರರೇ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪಡೆದದ್ದು ಬಿ.ಎ.; ಎಂಜಿನಿಯರಿಂಗ್ ಓದಲು ಪುಣೆಗೆ ಹೋದದ್ದು ಆಮೇಲೆ. ಸರ್ ಸಿ.ವಿ. ರಾಮನ್ 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಹೊರಬಂದದ್ದೂ ಬಿ.ಎ. ಆಗಿಯೇ. ಹೊಸೂರು ಕಡೆಯ ತೊರಪಳ್ಳಿಯ ಸಿ. ರಾಜಗೋಪಾಲಾಚಾರಿ ಕೂಡ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ. ಹೀಗಿರುವಾಗ ಜಾಣರು ಒಂದು ಕಡೆ, ಉಳಿದವರು ಕಲೆಯ ಕಡೆ ಎಂಬ ಎಣಿಕೆಗೆ ಎಡೆಯೇ ಇರಲಿಲ್ಲ. ಊರಿಗೊಬ್ಬ ಬಿ.ಎ. ಇದ್ದರೆ ಹೆಚ್ಚು. ಹೆಸರಿನ ಮುಂದೆ ಆ ಎರಡಕ್ಷರ ಬರೆದುಕೊಳ್ಳುವುದೇ ಒಂದು ಅಂತಸ್ತು.

ಆ ಅಂತಸ್ತಿಗೆ ಕಾರಣ ಸಾಹಿತ್ಯಪ್ರೇಮವಲ್ಲ, ಸರ್ಕಾರಿ ಕೆಲಸ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ಪದವಿ ಅದರ ಹೆಬ್ಬಾಗಿಲಾಯಿತು. ಹೊಸಕೋಟೆಗೆ ಅಂಟಿಕೊಂಡಿರುವ ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರರು ಆ ಬಾಗಿಲಿನಿಂದ ಒಳಹೋದವರು. 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಸಿವಿಲ್ ಸರ್ವಿಸ್ ಸೇರಿದರು. 1943ರಲ್ಲಿ ರಾಜೀನಾಮೆ ಕೊಡುವವರೆಗೆ ಊರೂರು ಸುತ್ತಿ ಆಡಳಿತ ನಡೆಸಿದರು. ಜೊತೆಗೇ ಕನ್ನಡದ ಸಣ್ಣಕತೆಯನ್ನು ಬೆಳೆಸಿದರು. ಸಾಹಿತ್ಯ ಓದಿದವನು ಲೋಕವ್ಯವಹಾರ ಅರಿಯದ ಕನಸುಗಾರ ಎಂಬ ಮಾತಿಗೆ ಮಾಸ್ತಿಯವರ ಮೂರು ದಶಕದ ನೌಕರಿಯೇ ಉತ್ತರ. ಆದರೆ ಆ ಕಾಲದ ಬಿ.ಎ. ಎಲ್ಲರ ಪಾಲಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪದವೀಧರರಲ್ಲಿ, ಅದರಿಂದಾಗಿ ಹುದ್ದೆಗಳಲ್ಲಿ, ಬ್ರಾಹ್ಮಣರ ಸಂಖ್ಯೆಯೇ ಹೆಚ್ಚಾಗಿತ್ತು. ಇದರ ವಿರುದ್ಧ ಎದ್ದ ದೂರುಗಳ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಅಂದಿನ ಬಿ.ಎ. ವಿದ್ಯಾರ್ಥಿಗೆ ಇದ್ದ ಗೌರವದಲ್ಲಿ ಓದಿನ ಪಾಲೆಷ್ಟು, ಹುಟ್ಟಿದ ಮನೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಅದರ ತೆಕ್ಕೆಗೆ ಬಂದವು. ಕ್ರಮೇಣ ಮಾನವಿಕಗಳು ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನಲ್ಲಿ ಎಂಬ ಹಂಚಿಕೆ ಗಟ್ಟಿಯಾಯಿತು. ಕಲೆ ಮತ್ತು ವಿಜ್ಞಾನ ಎರಡು ಬೇರೆ ಜಾತಿ ಎಂಬ ಭಾವನೆಗೆ ಈ ಹಂಚಿಕೆಯೂ ಸ್ವಲ್ಪ ಕಾರಣ. ಆದರೆ ಅಂದಿನ ಅಧ್ಯಾಪಕರು ಆ ಗೆರೆಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಮಾಸಪತ್ರಿಕೆ ನಡೆಸಿದರು. ಅವರೇ ಪಂಪಭಾರತವನ್ನು ಸಂಪಾದಿಸಿದರು. ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 'ಪ್ರಬುದ್ಧ ಕರ್ಣಾಟಕ' ಹೊರಟಿತು. ವಿಜ್ಞಾನಕ್ಕೆ ಹೆಸರಾದ ಕಾಲೇಜಿನಲ್ಲಿ ಕನ್ನಡದ ಸಾಹಿತ್ಯ ಪತ್ರಿಕೆ ಹುಟ್ಟಿದ್ದು ಇಂದು ವಿಚಿತ್ರವೆನಿಸಬಹುದು. ಅಂದು ಯಾರೂ ಹುಬ್ಬೇರಿಸಿದಂತಿಲ್ಲ.

ಮಹಾರಾಜಾ ಕಾಲೇಜಿನ ಕತೆ ಇನ್ನೂ ದೊಡ್ಡದು. ಎಂ. ಹಿರಿಯಣ್ಣ, ಎಸ್. ರಾಧಾಕೃಷ್ಣನ್, ಬಿ.ಎಂ. ಶ್ರೀಕಂಠಯ್ಯ, ಎ.ಆರ್. ವಾಡಿಯಾ, ಟಿ.ಎಸ್. ವೆಂಕಣ್ಣಯ್ಯ ಮುಂತಾದವರು ಅಲ್ಲಿ ಪಾಠ ಹೇಳಿದರು. 1927ರಲ್ಲಿ ಕನ್ನಡ ಎಂ.ಎ. ಶುರುವಾದಾಗ ಕುವೆಂಪು ಮೊದಲ ತಂಡದಲ್ಲಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬಂದದ್ದೂ ಇಲ್ಲಿಂದಲೇ.  

ಕೆಲಸ ಸಿಗುವುದಿಲ್ಲ ಎಂಬ ಮಾತು ಹುಟ್ಟಿದ್ದು ಈ ವೈಭವದ ದಿನಗಳಲ್ಲಿಯೇ. 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಆದ ಆರ್.ಕೆ. ನಾರಾಯಣ್ 1937ರಲ್ಲಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್' ಕಾದಂಬರಿ ಪ್ರಕಟಿಸಿದರು. ಅದರ ನಾಯಕ ಚಂದ್ರನ್ ಕಾಲೇಜಿನ ಇತಿಹಾಸ ಸಂಘದ ಕಾರ್ಯದರ್ಶಿ. ಪದವಿ ಮುಗಿಸಿ ಏನು ಮಾಡಬೇಕೆಂದು ತೋಚದೆ ಪ್ರೇಮದಲ್ಲಿ ಬೀಳುತ್ತಾನೆ, ಸನ್ಯಾಸಿಯಾಗಿ ಅಲೆಯುತ್ತಾನೆ, ಕೊನೆಗೆ ಪತ್ರಿಕೆಯ ಏಜೆನ್ಸಿ ಹಿಡಿಯುತ್ತಾನೆ. ದಿಕ್ಕುಗಾಣದ ಬಿ.ಎ. ಪದವೀಧರ ಆಗಲೇ ಕಾದಂಬರಿಗೆ ವಸ್ತುವಾಗುವಷ್ಟು ಪರಿಚಿತನಾಗಿದ್ದ. ಸಂಸ್ಥಾನದ ಹುದ್ದೆಗಳು ಹೆಚ್ಚಿದ್ದಕ್ಕಿಂತ ಬೇಗ ಪದವೀಧರರು ಹೆಚ್ಚಿದ್ದರು. ತಾವೇ ಬಿ.ಎ. ಓದಿದ್ದ ವಿಶ್ವೇಶ್ವರಯ್ಯನವರು ಗುಮಾಸ್ತರನ್ನು ತಯಾರಿಸುವ ಓದಿಗಿಂತ ಕಸುಬಿನ ಓದು ಬೇಕೆಂದು ಒತ್ತಿ ಹೇಳುತ್ತ ಬಂದರು. 1917ರ ಎಂಜಿನಿಯರಿಂಗ್ ಕಾಲೇಜು, 1943ರ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎರಡರ ಹಿಂದೆಯೂ ಈ ಒತ್ತಾಯವಿತ್ತು.

ಸ್ಟ್ರೈಕಿನ ಮಾತಿಗೂ ಇತಿಹಾಸವಿದೆ, ಆದರೆ ಅದನ್ನು ಕಲಾ ವಿಭಾಗದ ತಲೆಗೆ ಮಾತ್ರ ಕಟ್ಟುವುದು ಸರಿಯಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲೂ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ 'ಮೈಸೂರು ಚಲೋ' ಚಳವಳಿಯಲ್ಲೂ ವಿದ್ಯಾರ್ಥಿಗಳು ವಿಭಾಗ ನೋಡಿ ಬೀದಿಗಿಳಿಯಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಇನ್ನೂ ಹೈಸ್ಕೂಲು ಹುಡುಗ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಎದ್ದ ಗಲಾಟೆಯಲ್ಲಿ ಎರಡೂ ಕಡೆ ವಿದ್ಯಾರ್ಥಿಗಳಿದ್ದರು. ಅಲ್ಲಿ ಕಂಡ ಒಡಕು ವಿಜ್ಞಾನ, ಕಲೆಗಳ ನಡುವಿನದಲ್ಲ, ಜಾತಿಯದು. ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ ಸಂಘಟನೆಗಳು ಆ ದಶಕದಲ್ಲಿ ರೂಪುಗೊಂಡವು. ಸರ್ಕಾರಿ ಹಾಸ್ಟೆಲುಗಳಲ್ಲಿ ಇದ್ದುಕೊಂಡು ಬಿ.ಎ., ಎಂ.ಎ. ಓದಿದ, ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ಹುಡುಗರು ಅವುಗಳ ಬೆನ್ನೆಲುಬು. ಗಡ್ಡ, ಜುಬ್ಬಾ, ಹೆಗಲಿಗೊಂದು ಚೀಲ ಎಂಬ ಚಿತ್ರ ಆಗಿನದು. ಆ ಚಿತ್ರ ನೋಡಿ ನಕ್ಕವರು ಗಮನಿಸದೆ ಹೋದದ್ದು ಮಿಲ್ಲರ್ ಸಮಿತಿಯ ಕಾಲದಲ್ಲಿ ಬಿ.ಎ. ತರಗತಿಯ ಹೊರಗೇ ಉಳಿದಿದ್ದವರ ಮೊಮ್ಮಕ್ಕಳು ಈಗ ಒಳಗೆ ಕೂತಿದ್ದರು ಎಂಬುದನ್ನು.

'ಅಂಕ ಬರದವರು' ಎಂಬ ಹಣೆಪಟ್ಟಿ ಬಿದ್ದದ್ದು ಇದಾದ ಮೇಲೆ. ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ, ಹದಿನಾರರ ವಯಸ್ಸಿನಲ್ಲಿ, ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ದಾರಿಗಳಲ್ಲಿ ಒಂದನ್ನು ಆರಿಸಬೇಕಾಯಿತು. 1980ರ ದಶಕದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದವು. ಕ್ಯಾಪಿಟೇಷನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾನೂನು ತಂದಿತು. ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೇ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ವ್ಯವಸ್ಥೆ ಬಲವಾಯಿತು. ವಿಜ್ಞಾನ ವಿಭಾಗವೆಂದರೆ ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಸಾಲು ಎಂದಾಯಿತು. ಹೊಸಕೋಟೆಗೆ ಇದರ ಬಿಸಿ ಇನ್ನಷ್ಟು ಮುಟ್ಟಿತು. 1990ರ ದಶಕದ ಕೊನೆಗೆ ಪಕ್ಕದ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ಎದ್ದಿತು, ಹೊಸಕೋಟೆಯ ಅಂಚಿನಲ್ಲೇ ವೋಲ್ವೋ ಲಾರಿ ಕಾರ್ಖಾನೆ ಬಂತು. ಕೆಲಸ ಯಾವ ಓದಿಗೆ ಸಿಗುತ್ತದೆ ಎಂಬುದು ಹೊಲದ ಬದುವಿನಿಂದಲೇ ಕಾಣುವಂತಾಯಿತು.

ವಿಜ್ಞಾನ ವಿಭಾಗ ತೆರೆಯಲು ಪ್ರಯೋಗಾಲಯ ಬೇಕು, ಉಪಕರಣ ಬೇಕು, ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟರು ಬೇಕು. ಕಲಾ ವಿಭಾಗಕ್ಕೆ ಕೊಠಡಿ, ಬೆಂಚು, ಬೋರ್ಡು ಸಾಕು. ಹೋಬಳಿ ಮಟ್ಟದ ಪಿಯು ಕಾಲೇಜುಗಳಲ್ಲಿ ಕಲಾ ವಿಭಾಗವೇ ಮೊದಲು ಬಂದದ್ದು ಹೀಗೆ. ವಿಜ್ಞಾನ ಅಂಕ ನೋಡಿ ಸೇರಿಸಿಕೊಂಡಿತು, ಟ್ಯೂಷನ್ ಬಯಸಿತು. ಕಲಾ ವಿಭಾಗ ಬಂದವರನ್ನೆಲ್ಲ ಒಳಗೆ ಕರೆಯಿತು. ಇದರ ಪರಿಣಾಮ ಫಲಿತಾಂಶದಲ್ಲಿ ಕಾಣುತ್ತದೆ. 2024ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಶೇ 89.96, ವಾಣಿಜ್ಯದಲ್ಲಿ ಶೇ 80.94, ಕಲೆಯಲ್ಲಿ ಶೇ 68.36 ವಿದ್ಯಾರ್ಥಿಗಳು ತೇರ್ಗಡೆಯಾದರು. 2025ರಲ್ಲಿ ಅದೇ ಕ್ರಮದಲ್ಲಿ ಶೇ 82.45, ಶೇ 76.07, ಶೇ 53.29. ಅಂತರ ನಿಜ, ಅದನ್ನು ಮುಚ್ಚಿಟ್ಟು ಫಲವಿಲ್ಲ. ಆದರೆ ಆ ಅಂಕಿಗಳು ಅಳೆಯುವುದು ಯಾರು ಎಲ್ಲಿ ಸೇರಿದರು ಎಂಬುದನ್ನು. ಇತಿಹಾಸ ಓದಿದರೆ ಬುದ್ಧಿ ಮಂಕಾಗುತ್ತದೆ ಎಂಬುದನ್ನಲ್ಲ. ವಿಜಯನಗರ ಜಿಲ್ಲೆಯ ಕೊಟ್ಟೂರು ಹೊಸಕೋಟೆಗಿಂತ ದೊಡ್ಡ ಪೇಟೆಯೇನಲ್ಲ. ಆದರೂ ಅಲ್ಲಿನ 'ಇಂದು' ಪಿಯು ಕಾಲೇಜಿನ ವಿದ್ಯಾರ್ಥಿಗಳು ಕಲಾ ವಿಭಾಗದಲ್ಲಿ ಹಲವು ವರ್ಷ ರಾಜ್ಯಕ್ಕೆ ಮೊದಲಿಗರಾಗಿದ್ದಾರೆ. ಕಲಾ ವಿಭಾಗವನ್ನೇ ಗುರಿಯಾಗಿಸಿ ಪಾಠ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪದವಿ ಮಟ್ಟದಲ್ಲಿ ತಾಲ್ಲೂಕು ಕೇಂದ್ರಗಳಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದದ್ದು ದೊಡ್ಡ ಬದಲಾವಣೆ. ಈಗ ರಾಜ್ಯದಲ್ಲಿ ಇಂಥ ಸುಮಾರು 430 ಕಾಲೇಜುಗಳಿವೆ, ಹೊಸಕೋಟೆಯಲ್ಲೂ ಒಂದಿದೆ. ಮೊದಲು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದ ಈ ಸೀಮೆ 2017ರ ವಿಭಜನೆಯ ನಂತರ ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿತು. ಪಠ್ಯಕ್ರಮ, ಪ್ರಶ್ನೆಪತ್ರಿಕೆ ಎರಡೂ ವಿಶ್ವವಿದ್ಯಾಲಯದಿಂದಲೇ ಬರುವುದರಿಂದ ಕಾಲೇಜು ತನ್ನದೇ ಓದನ್ನು ರೂಪಿಸಿಕೊಳ್ಳಲು ಅವಕಾಶ ಕಡಿಮೆ. ರಾಜ್ಯದ ಈ ಕಾಲೇಜುಗಳ ಪಾಠದ ಹೊರೆಯನ್ನು ಬಹುಪಾಲು ಹೊತ್ತವರು ಹತ್ತು ಸಾವಿರದ ಆಸುಪಾಸಿನ ಅತಿಥಿ ಉಪನ್ಯಾಸಕರು. ಗೈಡ್ ಓದಿ ಪಾಸಾಗುತ್ತಾರೆ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಕಳೆದ ವರ್ಷಗಳ ಪ್ರಶ್ನೆಗಳೇ ಸುತ್ತಿ ಬರುವ ಪರೀಕ್ಷೆಗೆ ಗೈಡ್ ಓದುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ. ವಾಣಿಜ್ಯದ ವಿದ್ಯಾರ್ಥಿಯೂ ಮಾಡುವುದು ಅದನ್ನೇ, ಅವನಿಗೆ ಆ ಹೆಸರು ಬಂದಿಲ್ಲ.

ಹೆಣ್ಣುಮಕ್ಕಳ ಬಗೆಗಿನ ಮಾತನ್ನು ತಲೆಕೆಳಗು ಮಾಡಿ ನೋಡಬೇಕು. ದೇಶದಲ್ಲಿ ಅತಿ ಹೆಚ್ಚು ಜನ ಓದುವ ಪದವಿ ಇಂದಿಗೂ ಬಿ.ಎ.; ಕೇಂದ್ರ ಶಿಕ್ಷಣ ಸಚಿವಾಲಯದ 2020-21ರ ಸಮೀಕ್ಷೆಯಂತೆ ಪದವಿ ಹಂತದ ವಿದ್ಯಾರ್ಥಿಗಳಲ್ಲಿ ಶೇ 33.5 ಮಂದಿ ಕಲಾ ವಿಷಯಗಳವರು, ಬಿ.ಎ. ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಮರಳಬಹುದಾದ, ಶುಲ್ಕ ಕಡಿಮೆಯಿರುವ ಕಾಲೇಜು ಊರ ಹತ್ತಿರ ಬಂದದ್ದರಿಂದಲೇ ಅನೇಕ ಮನೆಗಳು ಮಗಳನ್ನು ಓದಲು ಬಿಟ್ಟವು. ಅಪ್ಪ-ಅಮ್ಮನ ಲೆಕ್ಕದಲ್ಲಿ ಅದು ಮದುವೆವರೆಗಿನ ಓದಾಗಿದ್ದಿರಬಹುದು. ಮಗಳ ಲೆಕ್ಕ ಹಲವು ಕಡೆ ಬಿ.ಎಡ್. ಸೇರಿ ಶಾಲೆಯ ಮೇಷ್ಟರ ಕುರ್ಚಿಯವರೆಗೆ ಹೋಯಿತು.

ಉದ್ಯೋಗದ ವಿಷಯದಲ್ಲಿ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. 1951ರಲ್ಲಿ ಸ್ಥಾಪನೆಯಾದ ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ, ಪಿಡಿಒ, ಪಿಎಸ್‌ಐ ನೇಮಕಾತಿಯಲ್ಲಿ ಕೇಳುವ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಬಿ.ಎ. ತರಗತಿಯ ವಿಷಯಗಳೇ. 1979ರಿಂದ ಕೇಂದ್ರ ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅಧಿಸೂಚನೆ ಹೊರಟು ಪರೀಕ್ಷೆ ನಡೆದು ಆದೇಶ ಕೈಸೇರುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಖಾಸಗಿ ಕಂಪನಿಗಳು ಕೇಳುವುದು ಇಂಗ್ಲಿಷ್ ಮಾತು, ಕಂಪ್ಯೂಟರು, ಲೆಕ್ಕಪತ್ರ. ಹೊಸಕೋಟೆಯಂಥ ಕಡೆ ಬಿ.ಕಾಂ. ಕಡೆಗೆ ಹುಡುಗರು ವಾಲುತ್ತಿರುವುದಕ್ಕೆ ಕಾರಣ ಇದು. ಐದು ಮಾತುಗಳಲ್ಲಿ ಹೆಚ್ಚು ತೂಕವಿರುವುದು ಕೆಲಸವಿಲ್ಲ ಎಂಬುದಕ್ಕೇ, ಅದೂ ನಾರಾಯಣರ ಚಂದ್ರನ್ ಕಾಲದಿಂದ.

ಈಚೆಗೆ ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಬಿ.ಎ. ಬಂದಿದೆ. ಹೊಸಕೋಟೆಯ ದಕ್ಷಿಣಕ್ಕೆ ಸರ್ಜಾಪುರದ ಬಳಿ 2010ರಲ್ಲಿ ಸ್ಥಾಪಿತವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಉತ್ತರಕ್ಕೆ ದೇವನಹಳ್ಳಿಯ ಬಳಿ ಚಾಣಕ್ಯ ವಿಶ್ವವಿದ್ಯಾಲಯ ಮಾನವಿಕಗಳನ್ನು ಕಲಿಸುತ್ತವೆ. 'ಲಿಬರಲ್ ಆರ್ಟ್ಸ್' ಎಂಬ ಹೆಸರಿನಲ್ಲಿ ಬೆಂಗಳೂರಿನ ಹಲವು ಖಾಸಗಿ ಸಂಸ್ಥೆಗಳು ಅದೇ ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯವನ್ನು ದೊಡ್ಡ ಶುಲ್ಕಕ್ಕೆ ಕಲಿಸುತ್ತಿವೆ. ಇಲ್ಲಿ ಹಣೆಪಟ್ಟಿ ಉಲ್ಟಾ: ಇಲ್ಲಿನ ವಿದ್ಯಾರ್ಥಿ ಇಂಗ್ಲಿಷಿನವನು, ಉಳ್ಳವರ ಮನೆಯವನು, ಮಾತಿನ ಮಲ್ಲ ಎಂದು. ಅದೂ ಪೂರ್ತಿ ನಿಜವಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮನೆಯ ಆದಾಯ ನೋಡಿ ಶುಲ್ಕ ರಿಯಾಯಿತಿ ಕೊಡುವುದರಿಂದ ಬಡ ಕುಟುಂಬಗಳ ಮಕ್ಕಳೂ ಅಲ್ಲಿ ಓದುತ್ತಾರೆ. ಇಂಥ ಬಹುವಿಷಯದ ಓದನ್ನು ಸರ್ಕಾರಿ ಕಾಲೇಜುಗಳಿಗೂ ತರುವ ಪ್ರಯತ್ನ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯ ರೂಪದಲ್ಲಿ ನಡೆಯಿತು. ಅದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕವೇ. 2024-25ರಿಂದ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದೂ ಕರ್ನಾಟಕವೇ.