ಬಗ್ದಾದಿನ ಜ್ಞಾನ ಪರಂಪರೆ: ನಮಗಿರುವ ಪಾಠ



ಇಸ್ಲಾಮೀ ನಾಗರಿಕತೆಯ ಸುವರ್ಣ ಯುಗದ ಕುರಿತು ನೀವು ಅನೇಕ ಭಾಷಣಗಳನ್ನು ಕೇಳಿರುತ್ತೀರಿ. ಆ ಯುಗವನ್ನು ಕಟ್ಟಿದವರು ಯಾರು? ಖಲೀಫರ ಹೆಸರುಗಳನ್ನಷ್ಟೇ ಹೇಳಿದರೆ ಉತ್ತರ ಅಪೂರ್ಣವಾಗುತ್ತದೆ.

ಅಬ್ಬಾಸಿ ಖಲೀಫ ಅಲ್ ಮನ್ಸೂರ್ ಕ್ರಿ.ಶ. 762ರಲ್ಲಿ ಟೈಗ್ರಿಸ್ ನದಿಯ ದಂಡೆಯಲ್ಲಿ ಬಗ್ದಾದ್ ನಗರಕ್ಕೆ ಅಡಿಗಲ್ಲಿಟ್ಟರು. ಅರಬರು, ಪರ್ಷಿಯನ್ನರು, ಸಿರಿಯಾಕ್ ಭಾಷೆಯ ಕ್ರೈಸ್ತರು, ಯಹೂದಿಗಳು ಅಲ್ಲಿ ನೆಲೆಸಿದರು. 770ರ ದಶಕದಲ್ಲಿ ಭಾರತದ ಸಂಸ್ಕೃತ ಖಗೋಳ ಗ್ರಂಥವೊಂದು ಆ ನಗರವನ್ನು ತಲುಪಿ ಅರಬಿಗೆ ಅನುವಾದಗೊಂಡಿತು. ಮುಂದೆ 9ನೇ ಶತಮಾನದಲ್ಲಿ ಅಲ್ ಖ್ವಾರಿಝ್ಮಿ ಭಾರತೀಯ ಅಂಕಿಗಳ ಲೆಕ್ಕಾಚಾರದ ಬಗ್ಗೆ ಗ್ರಂಥ ಬರೆದರು. ಅದರ ಲ್ಯಾಟಿನ್ ಅನುವಾದದ ಮೂಲಕ ಆ ವಿದ್ಯೆ ಯುರೋಪಿಗೂ ಹಬ್ಬಿತು.

ಅದೇ ಶತಮಾನದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ ವೈದ್ಯರು. ಗ್ರೀಕ್ ವೈದ್ಯ ಗ್ಯಾಲೆನ್‌ನ ಒಂದು ಗ್ರಂಥಕ್ಕಾಗಿ ಅವರು ಇರಾಕ್, ಸಿರಿಯಾ, ಫೆಲೆಸ್ತೀನ್‌ಗಳನ್ನು ಸುತ್ತಿ ಈಜಿಪ್ಟಿನ ಅಲೆಕ್ಸಾಂಡ್ರಿಯದವರೆಗೂ ಹೋದರು. ಕೊನೆಗೆ ಸಿಕ್ಕಿದ್ದು ದಮಾಸ್ಕಸ್‌ನಲ್ಲಿ, ಅದೂ ಸುಮಾರು ಅರ್ಧ ಭಾಗ ಮಾತ್ರ! ಇಂತಹ ಅನುವಾದಕರಿಗೆ ಬನೂ ಮೂಸಾ ಎಂಬ ಮುಸ್ಲಿಮ್ ಸಹೋದರರು ತಿಂಗಳಿಗೆ ಸುಮಾರು 500 ದೀನಾರ್ ವೆಚ್ಚ ಮಾಡುತ್ತಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ.

ಸಾಬಿತ್ ಇಬ್ನ್ ಕುರ್ರಾ ಹರ್ರಾನ್ ಪಟ್ಟಣದಲ್ಲಿ ನಾಣ್ಯ ವಿನಿಮಯದ ವ್ಯಾಪಾರಿ. ಅವರು ಸಾಬಿ ಮತದವರು. ಅವರ ಪ್ರತಿಭೆಯನ್ನು ಗುರುತಿಸಿದ ಮುಹಮ್ಮದ್ ಇಬ್ನ್ ಮೂಸಾ, ಬಗ್ದಾದಿಗೆ ಕರೆತಂದು ತಮ್ಮ ಮನೆಯಲ್ಲೇ ವಿದ್ಯೆ ಕಲಿಯಲು ಅವಕಾಶ ಕೊಟ್ಟರೆಂದು ಹೇಳಲಾಗುತ್ತದೆ. ಹುನೈನ್‌ರ ಮಗ ಇಸ್‌ಹಾಕ್ ಯೂಕ್ಲಿಡ್‌ನ ರೇಖಾಗಣಿತವನ್ನು ಅರಬಿಗೆ ತಂದಾಗ ಅದನ್ನು ಪರಿಷ್ಕರಿಸಿದವರು ಇದೇ ಸಾಬಿತ್. ಕ್ರೈಸ್ತರೊಬ್ಬರು ಅನುವಾದಿಸಿ, ಸಾಬಿಯೊಬ್ಬರು ತಿದ್ದಿದ ಆ ಪುಸ್ತಕದಿಂದ ಮುಸ್ಲಿಮ್ ವಿದ್ಯಾರ್ಥಿಗಳು ಗಣಿತ ಕಲಿತರು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿತ್ತೆಂದು ಭಾವಿಸಬೇಡಿ. 850ರಲ್ಲಿ ಖಲೀಫ ಮುತವಕ್ಕಿಲ್ ಕ್ರೈಸ್ತರು ಮತ್ತು ಯಹೂದಿಗಳು ಪ್ರತ್ಯೇಕ ಗುರುತಿನ ಉಡುಪು ಧರಿಸಬೇಕೆಂದು ಆಜ್ಞೆ ಹೊರಡಿಸಿದರು. ಅವರ ಆಸ್ಥಾನ ವೈದ್ಯರಾಗಿದ್ದವರು ಹುನೈನ್! ತನ್ನ ಜನರಿಗೆ ಅವಮಾನವಾದ ಕಾಲದಲ್ಲೂ ಆ ವಿದ್ವಾಂಸರ ಅನುವಾದ ಕಾರ್ಯ ನಿಲ್ಲಲಿಲ್ಲ. ಇದನ್ನೂ ನಾವು ಮುಚ್ಚಿಡದೆ ಓದಬೇಕು.

ಬಗ್ದಾದಿನ ಹೆಸರು ಹೇಳಿ ಹೆಮ್ಮೆಪಡುವ ನಾವು ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ನಗರಗಳಲ್ಲಿ ಒಂದೊಂದು ಸಮುದಾಯ ಒಂದೊಂದು ಬಡಾವಣೆಗೆ ಸೀಮಿತವಾಗುತ್ತಿರುವಾಗ, ಬೇರೆ ಧರ್ಮದ ಸಹಪಾಠಿಯೊಂದಿಗೆ ಕುಳಿತು ನಾವು ಎಷ್ಟು ದಿನ ಓದಿದ್ದೇವೆ? ಸಂಘದ ಸದಸ್ಯರು ನೆರೆಯ ಬಡ ಮಕ್ಕಳಿಗೆ, ಅವರು ಯಾವ ಧರ್ಮದವರಾದರೂ ಸರಿ, ಸಂಜೆಯ ಪಾಠ ಹೇಳಲಿ. ವಿದ್ಯಾರ್ಥಿಗಳು ಅವರಿಂದ ತಮಗೆ ತಿಳಿಯದ್ದನ್ನು ಕೇಳಿ ಕಲಿಯಲಿ. ಬಗ್ದಾದಿನ ವಾರಸುದಾರರೆನಿಸಿಕೊಳ್ಳಲು ಇಷ್ಟಾದರೂ ಮಾಡಬೇಡವೇ?