ದಾಂಪತ್ಯ ವಲಸೆ (ಬ್ರಿಟನ್): ನಿಯಮಗಳ ಚರಿತ್ರೆ

ಬ್ರಿಟಿಷ್ ಪೌರರನ್ನಾಗಲಿ ಬ್ರಿಟನ್ನಿನಲ್ಲಿ ಕಾಯಂ ನೆಲೆಸಿದವರನ್ನಾಗಲಿ ಮದುವೆಯಾದ ವಿದೇಶೀಯರು ಆ ದೇಶವನ್ನು ಪ್ರವೇಶಿಸಲು, ಅಲ್ಲಿ ಉಳಿಯಲು ಪಡೆಯಬೇಕಾದ ಅನುಮತಿಯ ವ್ಯವಸ್ಥೆಯನ್ನು ದಾಂಪತ್ಯ ವಲಸೆ ಎನ್ನುತ್ತಾರೆ. ಇದರ ಚರಿತ್ರೆಯನ್ನು 1962ರ ಕಾಮನ್‌ವೆಲ್ತ್ ವಲಸಿಗರ ಕಾಯಿದೆಯಿಂದ ಆರಂಭಿಸಿ, ಅಲ್ಲಿಂದಾಚೆಗೆ ಒಂದೇ ಸಮನೆ ಬಿಗಿಯಾಗುತ್ತ ಬಂದ ನಿರ್ಬಂಧಗಳ ಕಥೆಯಾಗಿ ಹೇಳುವುದು ರೂಢಿ. ಆದರೆ ಗಂಡನಿಗೊಂದು ಹೆಂಡತಿಗೊಂದು ಎಂಬ ಭೇದವೇ ಈ ನಿಯಮಗಳನ್ನು ರೂಪಿಸಿದ ಮುಖ್ಯ ಸಂಗತಿಯಾದುದರಿಂದ 1969ರಿಂದ 1985ರವರೆಗಿನ ಅವಧಿಗೆ ಹೆಚ್ಚಿನ ಮಹತ್ವವಿದೆ. ಆಕರಗಳು ಒಂದಕ್ಕೊಂದು ಹೊಂದದಿರುವುದೂ ಈ ಅವಧಿಯ ವಿಷಯದಲ್ಲಿಯೇ.

ಪೂರ್ವ ಚರಿತ್ರೆ ಸರಳವಾಗಿದೆ. 1844ರ ಕಾಯಿದೆಯ ಪ್ರಕಾರ ಬ್ರಿಟಿಷ್ ಪ್ರಜೆಯ ಕೈಹಿಡಿದ ವಿದೇಶಿ ಹೆಣ್ಣು ತಾನೂ ಬ್ರಿಟಿಷ್ ಪ್ರಜೆಯಾಗುತ್ತಿದ್ದಳು; 1870ರ ಕಾಯಿದೆಯ ಪ್ರಕಾರ ವಿದೇಶೀಯನನ್ನು ವರಿಸಿದ ಬ್ರಿಟಿಷ್ ಹೆಣ್ಣು ತನ್ನ ರಾಷ್ಟ್ರೀಯತೆಯನ್ನೇ ಕಳೆದುಕೊಳ್ಳುತ್ತಿದ್ದಳು. ಹೆಂಡತಿಯ ನೆಲೆ ಗಂಡನ ನೆಲೆಯೇ ಎಂಬ ಈ ತತ್ತ್ವವನ್ನು 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆ ಕೈಬಿಟ್ಟಿತಾದರೂ, ಪೌರನ ಹೆಂಡತಿಗೆ ನೋಂದಣಿಯ ಮೂಲಕ ಪೌರತ್ವ ಪಡೆಯುವ ಹಕ್ಕನ್ನು ಕೊಟ್ಟು, ಪೌರಳ ಗಂಡನಿಗೆ ಅದನ್ನು ಕೊಡಲಿಲ್ಲ.

1962ರ ಕಾಯಿದೆ ಕಾಮನ್‌ವೆಲ್ತ್ ಪೌರರ ಪ್ರವೇಶಕ್ಕೆ ಮಿತಿ ಹಾಕಿದರೂ ಅಲ್ಲಿ ನೆಲೆಸಿದವರ ಹೆಂಡತಿಯರಿಗೂ 16 ವರ್ಷದೊಳಗಿನ ಮಕ್ಕಳಿಗೂ ಬಾಗಿಲನ್ನು ತೆರೆದೇ ಇಟ್ಟಿತು. 1969ರ ಜನವರಿಯಲ್ಲಿ ಗೃಹ ಸಚಿವ ಜೇಮ್ಸ್ ಕ್ಯಾಲಹನ್ ಅವರು ಹೆಂಡತಿಯನ್ನು ಸೇರಲು ಬರುವ ಕಾಮನ್‌ವೆಲ್ತ್ ಗಂಡಂದಿರ ಪ್ರವೇಶವನ್ನು ವಿಶೇಷ ಪ್ರಸಂಗಗಳಿಗಷ್ಟೇ ಸೀಮಿತಗೊಳಿಸಿದರು. ಹೆಂಡತಿ ಬಂದರೆ ಅವಲಂಬಿತೆ, ಗಂಡ ಬಂದರೆ ದುಡಿಮೆಯ ಪೈಪೋಟಿಗಾರ ಎಂಬ ಎಣಿಕೆ ಇದರ ಹಿಂದಿತ್ತು. ಮಹಿಳೆಯರ ಪ್ರತಿಭಟನೆಯ ಫಲವಾಗಿ 1974ರಲ್ಲಿ ಗೃಹ ಸಚಿವ ರಾಯ್ ಜೆಂಕಿನ್ಸ್ ಈ ನಿರ್ಬಂಧವನ್ನು ತೆಗೆದರಾದರೂ, 1977ರಲ್ಲಿ ನೆಪಮಾತ್ರದ ಮದುವೆಗಳನ್ನು ತಡೆಯುವ ನಿಯಮಗಳು ಬಂದವು.

ಈ ಕಾಲದ ಅತ್ಯಂತ ಕರಾಳ ಅಧ್ಯಾಯ ಬಹುಕಾಲ ಅರ್ಧಂಬರ್ಧ ತಿಳಿದಿದ್ದ ಕನ್ಯತ್ವ ಪರೀಕ್ಷೆಯದು. ಮೂರು ತಿಂಗಳೊಳಗೆ ಮದುವೆಯಾಗಲು ಬರುವ ವಧುವಿಗೆ ಮುಂಚಿತವಾಗಿ ವೀಸಾ ಬೇಕಿರಲಿಲ್ಲ, ಈಗಾಗಲೇ ಹೆಂಡತಿಯಾದವಳಿಗೆ ಬೇಕಿತ್ತು. ಆದ್ದರಿಂದ ವಧುವೆಂದು ಹೇಳಿಕೊಂಡು ಬಂದವಳು ನಿಜಕ್ಕೂ ಅವಿವಾಹಿತೆಯೇ ಎಂಬ ಸಂದೇಹಕ್ಕೆ ಅಧಿಕಾರಿಗಳು ಉತ್ತರ ಹುಡುಕಿದ್ದು ಆಕೆಯ ದೇಹದಲ್ಲಿ. 1979ರ ಜನವರಿಯಲ್ಲಿ ಹೀಥ್ರೂ ವಿಮಾನ ನಿಲ್ದಾಣಕ್ಕೆ ಬಂದಿಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು ವೈದ್ಯರಿಂದ ಇಂಥ ಪರೀಕ್ಷೆಗೆ ಒಳಪಡಿಸಿದ ಸಂಗತಿಯನ್ನು ಫೆಬ್ರವರಿ 1ರಂದು ‘ಗಾರ್ಡಿಯನ್’ ಪತ್ರಿಕೆ ಪ್ರಕಟಿಸಿತು. ಭಾರತ ಸರ್ಕಾರ ಪ್ರತಿಭಟಿಸಿತು. ಗೃಹ ಸಚಿವ ಮರ್ಲಿನ್ ರೀಸ್ ಈ ಪದ್ಧತಿಯನ್ನು ನಿಲ್ಲಿಸಿದರು. ಇವು ಬೆರಳೆಣಿಕೆಯ ಪ್ರಸಂಗಗಳೆಂಬ ಅಂದಿನ ಅಧಿಕೃತ ಚಿತ್ರ ಮೂರು ದಶಕ ಹಾಗೆಯೇ ಉಳಿಯಿತು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಕಡತಗಳನ್ನು ಶೋಧಿಸಿದ ಆಸ್ಟ್ರೇಲಿಯದ ವಿದ್ವಾಂಸರಾದ ಮರಿನೆಲ್ಲಾ ಮಾರ್ಮೊ ಮತ್ತು ಇವಾನ್ ಸ್ಮಿತ್, ಕನಿಷ್ಠ 80 ಮಹಿಳೆಯರು ಇದಕ್ಕೆ ಒಳಗಾಗಿದ್ದರೆಂದೂ ಅವರಲ್ಲಿ ಹೆಚ್ಚಿನವರ ಪರೀಕ್ಷೆ ಭಾರತೀಯ ಉಪಖಂಡದ ಬ್ರಿಟಿಷ್ ಕಚೇರಿಗಳಲ್ಲಿ ನಡೆಯಿತೆಂದೂ 2011ರಲ್ಲಿ ಬೆಳಕಿಗೆ ತಂದರು. ಹೀಥ್ರೂ ಘಟನೆಯನ್ನು ಒಬ್ಬಿಬ್ಬರು ಅಧಿಕಾರಿಗಳ ಅತಿರೇಕವೆಂದು ಬಣ್ಣಿಸುವ ಹಳೆಯ ಬರಹಗಳನ್ನು ಈ ದಾಖಲೆಗಳ ಬೆಳಕಿನಲ್ಲಿ ಇನ್ನು ಒಪ್ಪಲಾಗದು.

ಪ್ರಧಾನ ಉದ್ದೇಶ ನಿಯಮ ಎಂದು ಹೆಸರಾದ ಕಟ್ಟಳೆಯ ಆರಂಭವನ್ನು ಕೆಲವರು 1980 ಎಂದೂ ಕೆಲವರು 1983 ಎಂದೂ ಬರೆಯುತ್ತಾರೆ. ಎರಡೂ ಭಾಗಶಃ ಸರಿ. 1980ರ ನಿಯಮದಂತೆ, ಮದುವೆಯ ಪ್ರಧಾನ ಉದ್ದೇಶ ಬ್ರಿಟನ್ನಿನಲ್ಲಿ ನೆಲೆಸುವುದೇ ಎಂದು ನಂಬಲು ಕಾರಣವಿದ್ದರೆ ಅಧಿಕಾರಿ ಗಂಡನ ಅಥವಾ ಭಾವೀ ವರನ ಅರ್ಜಿಯನ್ನು ತಳ್ಳಿಹಾಕಬಹುದಿತ್ತು. ಜೊತೆಗೆ ಹೆಂಡತಿ ಬ್ರಿಟನ್ನಿನಲ್ಲಿ ಹುಟ್ಟಿದವಳು ಅಥವಾ ಅಲ್ಲಿ ಹುಟ್ಟಿದವರ ಮಗಳು ಆಗಿರಬೇಕಿತ್ತು. ಹೊಸ ರಾಷ್ಟ್ರೀಯತಾ ಕಾಯಿದೆ ಜಾರಿಗೆ ಬಂದ 1983ರಲ್ಲಿ ಹುಟ್ಟಿನ ಷರತ್ತು ಹೋಗಿ ಎಲ್ಲ ಬ್ರಿಟಿಷ್ ಪೌರ ಮಹಿಳೆಯರಿಗೂ ಅವಕಾಶ ದೊರೆಯಿತಾದರೂ, ತನ್ನ ಉದ್ದೇಶ ವಲಸೆಯಲ್ಲವೆಂದು ರುಜುವಾತುಪಡಿಸುವ ಹೊಣೆ ಅಧಿಕಾರಿಯಿಂದ ಅರ್ಜಿದಾರನ ಹೆಗಲಿಗೆ ಬಿತ್ತು. ಮದುವೆ ನಿಜವಾದದ್ದೆಂದು ಅಧಿಕಾರಿಯೇ ಒಪ್ಪಿದರೂ ಅರ್ಜಿ ತಿರಸ್ಕೃತವಾಗಬಹುದಿತ್ತು ಎಂಬುದೇ ಈ ನಿಯಮದ ವಿಲಕ್ಷಣತೆ. ಹಿರಿಯರು ನಿಶ್ಚಯಿಸಿದ ಮದುವೆಗಳಿಗೆ ಇದರ ಪೆಟ್ಟು ಹೆಚ್ಚಾಗಿ ತಗುಲಿತು. ಸಂಪ್ರದಾಯದಂತೆ ಹೆಣ್ಣು ಗಂಡನ ಮನೆಗೆ ಹೋಗಬೇಕಾಗಿರುವಾಗ ಗಂಡೇ ಹೆಂಡತಿಯ ಊರಿಗೆ ಹೊರಟಿರುವುದೇಕೆ ಎಂದು ಸಂದರ್ಶನದಲ್ಲಿ ಪ್ರಶ್ನಿಸಿ, ಉತ್ತರವನ್ನು ಅವನ ವಿರುದ್ಧವೇ ಬಳಸಲಾಗುತ್ತಿತ್ತು. ಮದುವೆಯ ನಂತರ ದಂಪತಿಗಳು ಪರಸ್ಪರ ತೋರಿದ ನಿಷ್ಠೆಯೂ ಪುರಾವೆಯಾಗಬಲ್ಲದೆಂದು 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆ, ಅರ್ಜಿಗಳೊಂದಿಗೆ ಖಾಸಗಿ ಪತ್ರಗಳು ಮತ್ತು ಟೆಲಿಫೋನ್ ಬಿಲ್ಲುಗಳನ್ನೂ ಲಗತ್ತಿಸುವಂತಾಯಿತು.

1985ರ ಮೇ 28ರಂದು ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಅಬ್ದುಲಜೀಜ್, ಕಬಾಲೆಸ್ ಮತ್ತು ಬಾಲ್ಕಂಡಾಲಿ ಪ್ರಕರಣದಲ್ಲಿ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ನೆಲೆಸಿದ್ದ ಮೂವರು ಮಹಿಳೆಯರಿಗೆ ಗಂಡಂದಿರನ್ನು ಜೊತೆಗಿರಿಸಿಕೊಳ್ಳಲು ಅನುಮತಿ ನಿರಾಕರಿಸಿದ್ದು ಲಿಂಗ ತಾರತಮ್ಯ ಎಂದು ಅದು ಘೋಷಿಸಿತಾದರೂ ಜನಾಂಗೀಯ ತಾರತಮ್ಯದ ವಾದವನ್ನು ಒಪ್ಪಲಿಲ್ಲ. ತೀರ್ಪನ್ನು ಪಾಲಿಸಲು ಸರ್ಕಾರಕ್ಕೆ ಎರಡು ದಾರಿಗಳಿದ್ದವು: ಗಂಡಂದಿರ ಮೇಲಿನ ನಿರ್ಬಂಧವನ್ನು ತೆಗೆಯುವುದು, ಇಲ್ಲವೇ ಅದನ್ನು ಹೆಂಡತಿಯರಿಗೂ ವಿಸ್ತರಿಸುವುದು. ಅದು ಎರಡನೆಯದನ್ನು ಆರಿಸಿತು. ಗೆದ್ದ ಮೊಕದ್ದಮೆಯ ಫಲವಾಗಿ ಹೆಂಡತಿಯರೂ ಪ್ರಧಾನ ಉದ್ದೇಶದ ಪರೀಕ್ಷೆಗೆ ಒಳಗಾದರು. ಮುಂದಿನ ಎಲ್ಲ ನಿಯಮಗಳೂ ಗಂಡುಹೆಣ್ಣುಗಳಿಗೆ ಸಮಾನವಾಗಿ ಕಠಿಣವಾಗಿರುವುದು ಈ ಆಯ್ಕೆಯಿಂದಲೇ ಆದುದರಿಂದ ಇದನ್ನು ಈ ಚರಿತ್ರೆಯ ನಿಜವಾದ ತಿರುವು ಎನ್ನಬೇಕು.

1992ರ ಸುರಿಂದರ್ ಸಿಂಗ್ ಪ್ರಕರಣದಲ್ಲಿ ಐರೋಪ್ಯ ಸಮುದಾಯದ ನ್ಯಾಯಾಲಯವು, ಇನ್ನೊಂದು ಸದಸ್ಯ ರಾಷ್ಟ್ರದಲ್ಲಿ ದುಡಿದು ಮರಳುವ ಬ್ರಿಟಿಷ್ ಪೌರಳ ಭಾರತೀಯ ಗಂಡನಿಗೆ ಬ್ರಿಟನ್ನಿನ ನಿಯಮಗಳ ಬದಲು ಐರೋಪ್ಯ ಕಾನೂನು ಅನ್ವಯಿಸುತ್ತದೆಂದು ಹೇಳಿತು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆದ ಮೇಲೆ ಹೊಸ ದಂಪತಿಗಳಿಗೆ ಈ ದಾರಿ ಮುಚ್ಚಿತು. ಪ್ರಧಾನ ಉದ್ದೇಶ ನಿಯಮವನ್ನು 1997ರ ಜೂನ್‌ನಲ್ಲಿ ಗೃಹ ಸಚಿವ ಜ್ಯಾಕ್ ಸ್ಟ್ರಾ ರದ್ದುಪಡಿಸಿದರು. ಆಮೇಲಿನ ನಿಯಮಗಳು ಉದ್ದೇಶವನ್ನು ಕೆದಕುವುದನ್ನು ಬಿಟ್ಟು ಅಳೆಯಬಹುದಾದ ಷರತ್ತುಗಳನ್ನು ಹಿಡಿದವು. ಕಾಯಂ ವಾಸದ ಅನುಮತಿಗೆ ಮೊದಲಿನ ಪರೀಕ್ಷಾವಧಿ 2003ರಲ್ಲಿ ಒಂದು ವರ್ಷದಿಂದ ಎರಡಕ್ಕೆ, 2012ರಲ್ಲಿ ಐದಕ್ಕೆ ಏರಿತು. 2008ರಲ್ಲಿ 21ಕ್ಕೆ ಏರಿಸಿದ್ದ ಕನಿಷ್ಠ ವಯಸ್ಸು 2011ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 18ಕ್ಕೆ ಮರಳಿತು. 2010ರ ನವೆಂಬರಿನಿಂದ ಹೊರಡುವ ಮೊದಲೇ ಇಂಗ್ಲಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಡ್ಡಾಯವಾಯಿತು. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದುದು ಸಾಬೀತಾದವರಿಗೆ ವಿನಾಯಿತಿಯಿದೆ.

ಇವುಗಳಲ್ಲಿ ಹೆಚ್ಚು ವಿವಾದಕ್ಕೆ ಗುರಿಯಾದುದು 2012ರ ಜುಲೈ 9ರಂದು ಜಾರಿಗೆ ಬಂದ ಆದಾಯ ಮಿತಿ. ಸಂಗಾತಿಯನ್ನು ಕರೆಸಿಕೊಳ್ಳುವವರು ವರ್ಷಕ್ಕೆ ಕನಿಷ್ಠ 18,600 ಪೌಂಡ್ ಗಳಿಸಬೇಕೆಂಬ ಈ ಷರತ್ತನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತತ್ತ್ವಶಃ ಎತ್ತಿಹಿಡಿಯಿತು, ಆದರೆ ಮಕ್ಕಳ ಹಿತಕ್ಕೆ ಅದರಲ್ಲಿ ತಕ್ಕ ಗಮನ ಕೊಟ್ಟಿಲ್ಲವೆಂದಿತು. 2024ರ ಏಪ್ರಿಲ್ 11ರಂದು ಮಿತಿ 29,000 ಪೌಂಡಿಗೆ ಏರಿತು; ಅದನ್ನು 38,700ಕ್ಕೆ ಒಯ್ಯುವ ಯೋಜನೆಯನ್ನು ಅದೇ ವರ್ಷ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ತಡೆಹಿಡಿದು ವಿಷಯವನ್ನು ವಲಸೆ ಸಲಹಾ ಸಮಿತಿಯ ಪರಿಶೀಲನೆಗೆ ಒಪ್ಪಿಸಿತು. 2024ರ ಈ ನಿಯಮದ ಪ್ರಕಾರ ಆದಾಯವಿಲ್ಲದೆ ಉಳಿತಾಯವನ್ನಷ್ಟೇ ತೋರಿಸುವವರ ಬಳಿ 88,500 ಪೌಂಡ್ ಇರಬೇಕು. ಹೊರದೇಶದಿಂದ ಅರ್ಜಿ ಹಾಕುವ ಗಂಡನ ಅಥವಾ ಹೆಂಡತಿಯ ಅಲ್ಲಿಯ ಸಂಬಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.